ಕೆಳಗೆ ಕನ್ನಡ, ಅಟ್ಟದ ಮೇಲೆ ಇಂಗ್ಲಿಷ್: ನಡುವಿನ ಏಣಿ ಎಲ್ಲಿ ಹೋಯ್ತು?

ಇವತ್ತಿನ ಎಪಿಸೋಡನ್ನ ಒಂದು ಅಂಕಿಯಿಂದ ಶುರು ಮಾಡ್ತೀನಿ. 712.

2017ರಲ್ಲಿ ಮೆಡಿಕಲ್ ಸೀಟಿನ ನೀಟ್ ಪರೀಕ್ಷೆಯನ್ನ ಕನ್ನಡದಲ್ಲೂ ಬರೆಯಬಹುದು ಅಂತ ಆಯ್ತು. ಇಂಗ್ಲಿಷ್, ಹಿಂದಿ ಸೇರಿ ಒಟ್ಟು 10 ಭಾಷೆಯಲ್ಲಿ ಪ್ರಶ್ನೆಪತ್ರಿಕೆ. ಆ ವರ್ಷ ದೇಶದಲ್ಲಿ ಹೆಸರು ನೋಂದಾಯಿಸಿದವರು 11 ಲಕ್ಷಕ್ಕೂ ಹೆಚ್ಚು. ಗುಜರಾತಿ ಆರಿಸಿಕೊಂಡವರು 47 ಸಾವಿರ ದಾಟಿದ್ರು. ಕನ್ನಡ ಆರಿಸಿಕೊಂಡವರು 712 ಮಂದಿ.

ಈ ಅಂಕಿ ಕೇಳಿದ ಕೂಡಲೇ ಜನ ಎರಡು ಥರ ಮಾತಾಡ್ತಾರೆ. ಒಬ್ಬರು, "ನಮ್ಮವರಿಗೆ ಭಾಷಾಭಿಮಾನ ಇಲ್ಲ" ಅಂತಾರೆ. ಇನ್ನೊಬ್ಬರು, "ಕನ್ನಡದಾಗ ಸೈನ್ಸ್ ಆಗೂದಿಲ್ಲ ಬಿಡ್ರಿ" ಅಂತಾರೆ. ಎರಡೂ ತಪ್ಪು ಅನ್ನೋದು ನನ್ನ ವಾದ. ಗುಜರಾತಿನಲ್ಲಿ 11 ಮತ್ತು 12ನೇ ಕ್ಲಾಸಿನ ವಿಜ್ಞಾನಕ್ಕೆ ಗುಜರಾತಿ ಪಠ್ಯಪುಸ್ತಕ ಇದೆ, ಗುಜರಾತಿ ಕ್ಲಾಸ್ ಇದೆ. ನಮ್ಮಲ್ಲಿ ಪಿಯುಸಿ ಸೈನ್ಸ್ ಅಂದ್ರೆ ಇಂಗ್ಲಿಷ್ ಪುಸ್ತಕ, ಕೋಚಿಂಗ್ ಅಂದ್ರೆ ಇಂಗ್ಲಿಷ್ ನೋಟ್ಸ್. ಎರಡು ವರ್ಷ ಇಂಗ್ಲಿಷ್‌ನಲ್ಲಿ ಈಜಿಸಿ, ಕೊನೆಯ ದಿನ ಕನ್ನಡದ ದೋಣಿ ತಂದು ನಿಲ್ಲಿಸಿದರೆ ಯಾರು ಹತ್ತುತ್ತಾರೆ?

ನಾನು ಇವತ್ತು ಹೇಳೋ ಕತೆ ನಮ್ಮ ಹಾವೇರಿ ಜಿಲ್ಲೆಯ ನಾಲ್ಕು ತಾಲೂಕಿಂದು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಇಲ್ಲಿ ಹಳ್ಳಿಯ ಸರ್ಕಾರಿ ಶಾಲೆಯ ಮಕ್ಕಳು ಎಸ್ಸೆಸ್ಸೆಲ್ಸಿವರೆಗೆ ವಿಜ್ಞಾನ ಕಲಿಯೋದು ಹೆಚ್ಚಾಗಿ ಕನ್ನಡದಲ್ಲೇ. ಅಂಕ ಚೆನ್ನಾಗಿ ಬಂದ್ರೆ ಪಿಯುಸಿ ಸೈನ್ಸ್ ಸೇರ್ತಾರೆ, ಬಸ್ ಪಾಸ್ ಮಾಡಿಸ್ತಾರೆ, ಪೇಟೆ ಕಾಲೇಜಿಗೆ ಹೋಗ್ತಾರೆ. ಮೊದಲ ದಿನವೇ ಪುಸ್ತಕ ಇಂಗ್ಲಿಷ್, ಬೋರ್ಡ್ ಮೇಲಿನ ಬರಹ ಇಂಗ್ಲಿಷ್. ಎಸ್ಸೆಸ್ಸೆಲ್ಸಿಯಲ್ಲಿ 'ವಕ್ರೀಭವನ' ಬರೆದು ಪೂರ್ತಿ ಅಂಕ ತಗೊಂಡ ಹುಡುಗಿಗೆ ಎರಡು ತಿಂಗಳಾದ ಮೇಲೆ 'ರಿಫ್ರಾಕ್ಷನ್' ಅಂದ್ರೆ ಹೊಸ ಪಾಠ ಅನ್ನಿಸುತ್ತೆ. ಪಾಠ ಹಳೇದೇ. ಹೆಸರು ಮಾತ್ರ ಬೇರೆ. ಆದರೆ ಹೆಸರು ಬದಲಾಗಿದೆ ಅಂತ ಅವಳಿಗೆ ಯಾರೂ ಹೇಳೋದಿಲ್ಲ. ಹಾಗಾಗಿ "ನನಗ ಸೈನ್ಸ್ ತಲೀಗೆ ಹೋಗೂದಿಲ್ಲ" ಅಂತ ಅವಳೇ ತೀರ್ಮಾನ ಮಾಡಿಬಿಡ್ತಾಳೆ.

ಈ ತೀರ್ಮಾನ ಅವಳದಲ್ಲ, ರೀ. ಅದಕ್ಕೆ 170 ವರ್ಷದ ಇತಿಹಾಸ ಇದೆ.

ಎರಡಂತಸ್ತಿನ ಮನೆ ಕಟ್ಟಿದ್ದು

1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದು ನಮ್ಮ ಸೀಮೆ ಬ್ರಿಟಿಷರ ಕೈಗೆ ಬಂತು. ಮುಂದೆ ಅದು ಬಾಂಬೆ ಪ್ರೆಸಿಡೆನ್ಸಿಯ ಧಾರವಾಡ ಜಿಲ್ಲೆ ಆಯ್ತು. ಆಗಿನ ದಾಖಲೆಯಲ್ಲಿ ಹಿರೇಕೆರೂರು ತಾಲೂಕಿನ ಹೆಸರು ಕೋಡ. ಶಿಗ್ಗಾಂವಿಯಲ್ಲಿ ಕಚೇರಿ ಇದ್ದ ತಾಲೂಕಿನ ಹೆಸರು ಬಂಕಾಪುರ. ಹಾನಗಲ್ಲ ಹಾನಗಲ್ಲೇ. ಸವಣೂರು ಮಾತ್ರ ನವಾಬರ ಪುಟ್ಟ ಸಂಸ್ಥಾನ. ಜಿಲ್ಲೆಯ ಕಚೇರಿಯಲ್ಲಿ, ಶಾಲೆಯಲ್ಲಿ ಮೊದಮೊದಲು ಮರಾಠಿ ನಡೀತಿತ್ತು. 1830ರ ದಶಕದಿಂದ ಕನ್ನಡ ಶಾಲೆಗಳು ಬರತೊಡಗಿದವು.

ಆ ಹೊತ್ತಿಗೆ ಬಾಂಬೆಯಲ್ಲಿ ಒಂದು ದೊಡ್ಡ ಜಗಳ ಎದ್ದಿತ್ತು. 1840ರ ದಶಕದ ಮಾತು. ಶಿಕ್ಷಣ ಮಂಡಳಿಯ ಅಧ್ಯಕ್ಷ ಅರ್ಸ್‌ಕಿನ್ ಪೆರಿ, ದೊಡ್ಡ ನ್ಯಾಯಾಧೀಶ. ಅವರ ಪ್ರಕಾರ ಮೇಲಿನ ವಿದ್ಯೆ ಇಂಗ್ಲಿಷ್‌ನಲ್ಲೇ ಆಗಬೇಕು, ಇದ್ದ ದುಡ್ಡನ್ನ ಅದಕ್ಕೇ ಹಾಕಬೇಕು. ಅದೇ ಮಂಡಳಿಯ ಸದಸ್ಯ ಜಾರ್ಜ್ ಜರ್ವಿಸ್, ವೃತ್ತಿಯಲ್ಲಿ ಮಿಲಿಟರಿ ಎಂಜಿನಿಯರ್. ಜನರ ಭಾಷೆಯಲ್ಲೇ ವಿದ್ಯೆ ಹರಡಬೇಕು ಅಂತ ಅವರ ಹಟ. ಬರೀ ಮಾತಲ್ಲ, ಗಣಿತದ ಪುಸ್ತಕಗಳನ್ನ ಮರಾಠಿಗೆ ತಂದಿದ್ದ ಮನುಷ್ಯ ಅವರು. ಇಲ್ಲಿ ಗಮನಿಸ್ರಿ, ಇಬ್ಬರೂ ಇಂಗ್ಲಿಷರೇ. ಎಂಜಿನಿಯರಿಂಗ್ ಕಲಿಸಿದವರು ದೇಶಭಾಷೆ ಸಾಕು ಅಂದ್ರು, ಕೋರ್ಟಿನಲ್ಲಿ ಕೂತವರು ಸಾಲದು ಅಂದ್ರು.

1854ರಲ್ಲಿ ಲಂಡನ್ನಿನಿಂದ ಚಾರ್ಲ್ಸ್ ವುಡ್ ಅವರ ಶಿಕ್ಷಣದ ಆದೇಶಪತ್ರ ಬಂತು. ಅದು ಇಬ್ಬರಿಗೂ ಅರ್ಧರ್ಧ ಕೊಟ್ಟಿತು. ಕೆಳಗಿನ ಶಾಲೆಗೆ ದೇಶಭಾಷೆ, ಮೇಲಿನ ವಿದ್ಯೆಗೆ ಇಂಗ್ಲಿಷ್. ನಮ್ಮ ಕಡೆ ಮನೆ ಹೆಂಗಿರ್ತದ? ಕೆಳಗೆ ಪಡಸಾಲಿ, ಮೇಲೆ ಅಟ್ಟ. ದಿನದ ಬದುಕು ಕೆಳಗೆ, ಬೆಲೆಬಾಳುವ ಸಾಮಾನು ಮೇಲೆ. ವುಡ್ ಆದೇಶಪತ್ರ ಕಟ್ಟಿದ್ದು ಅಂಥ ಮನೆ. ಆದರೆ ಆ ಕಾಗದದಲ್ಲೇ ಒಂದು ಭರವಸೆಯೂ ಇತ್ತು. ಮೇಲೆ ಇಂಗ್ಲಿಷ್‌ನಲ್ಲಿ ಕಲಿತವರು ಆ ವಿದ್ಯೆಯನ್ನ ದೇಶಭಾಷೆಗೆ ಇಳಿಸ್ತಾರೆ, ಅನುವಾದದಿಂದ ಆ ಭಾಷೆಗಳು ಬೆಳೀತಾವೆ, ಕ್ರಮೇಣ ಎಲ್ಲರಿಗೂ ಸಿಗುತ್ತೆ ಅಂತ. ಅಂದ್ರೆ ಏಣಿ ಪ್ಲಾನಿನಲ್ಲಿ ಇತ್ತು. ಅಟ್ಟ ಮಾತ್ರ ಬೇಗ ಎದ್ದಿತು, 1857ರಲ್ಲಿ ಬಾಂಬೆ ವಿಶ್ವವಿದ್ಯಾಲಯ ಬಂತು. ಏಣಿ ಪ್ಲಾನಿನಲ್ಲೇ ಉಳಿಯಿತು.

ನಿಮ್ಮ ಮನೆಯಲ್ಲಿ ಅಜ್ಜ, ಮುತ್ತಜ್ಜನ ಕಾಲದ ಮಾತು ಬಂದಾಗ 'ಮುಲ್ಕಿ ಪಾಸಾಗಿದ್ರು' ಅನ್ನೋದು ಕೇಳಿರ್ತೀರಿ. ಮುಲ್ಕಿ ಅಂದ್ರೆ ಕನ್ನಡ ಶಾಲೆಯ ಕೊನೆಯ ಪರೀಕ್ಷೆ. ಅದನ್ನ ಪಾಸಾದವರು ಮಾಸ್ತರ ಆಗಬಹುದಿತ್ತು, ತಲಾಠಿ ಆಗಬಹುದಿತ್ತು. ಅಲ್ಲಿಗೆ ಕೆಳಮನೆ ಮುಗೀತು. ಡಾಕ್ಟರ್, ವಕೀಲ, ಎಂಜಿನಿಯರ್ ಆಗಬೇಕಂದ್ರೆ ಮೆಟ್ರಿಕ್ ದಾಟಬೇಕು. ಮೆಟ್ರಿಕ್ ಅಂದ್ರೆ ಇಂಗ್ಲಿಷ್.

ಇದೇ ಬಾಂಬೆ ವಿಶ್ವವಿದ್ಯಾಲಯದ ಮೆಟ್ರಿಕ್ ಪರೀಕ್ಷೆಯನ್ನ 1887ರಲ್ಲಿ ಪಾಸು ಮಾಡಿದ ಒಬ್ಬ ಹುಡುಗನ ಹೆಸರು ಮೋಹನದಾಸ ಗಾಂಧಿ. 50 ವರ್ಷ ಆದ ಮೇಲೆ, 1938ರಲ್ಲಿ, 'ಹರಿಜನ' ಪತ್ರಿಕೆಯಲ್ಲಿ ಅವರು ತಮ್ಮ ಹೈಸ್ಕೂಲು ದಿನಗಳ ಲೆಕ್ಕ ಹಾಕಿದ್ರು. ಅಂಕಗಣಿತ, ರೇಖಾಗಣಿತ, ಬೀಜಗಣಿತ, ರಸಾಯನ, ಖಗೋಳ ಇವನ್ನ ಇಂಗ್ಲಿಷ್ ಮೂಲಕ ಕಲಿಯೋಕೆ ನಾಲ್ಕು ವರ್ಷ ಹಿಡೀತು, ಗುಜರಾತಿಯಲ್ಲಾಗಿದ್ರೆ ಒಂದೇ ವರ್ಷ ಸಾಕಿತ್ತು ಅನ್ನೋದು ಅವರ ಲೆಕ್ಕ. ಗಾಂಧಿಗೇ ನಾಲ್ಕು ವರ್ಷ ಹಿಡಿದಿತ್ತು. ನಾವು ಹಿರೇಕೆರೂರಿನ ಹುಡುಗನಿಗೆ ಎರಡೇ ವರ್ಷ ಕೊಡ್ತೀವಿ, ಅದರ ಜೊತೆಗೆ ನೀಟ್, ಸಿಇಟಿ ಎರಡೂ.

ಏಣಿ ಕಟ್ಟಲು ಹೊರಟವರು

ಹಾಗಂತ ನಮ್ಮವರು ಕೈಕಟ್ಟಿ ಕೂತಿರಲಿಲ್ಲ. ಧಾರವಾಡದಲ್ಲಿ ಡೆಪ್ಯುಟಿ ಚನ್ನಬಸಪ್ಪ ಇದ್ರು, 1834ರಿಂದ 1881ರವರೆಗೆ ಬದುಕಿದವರು. ಶಿಕ್ಷಣ ಇಲಾಖೆಯ ಡೆಪ್ಯುಟಿ ಇನ್‌ಸ್ಪೆಕ್ಟರ್. ಮರಾಠಿ ಶಾಲೆಗಳಿದ್ದ ಕಡೆ ಕನ್ನಡ ಶಾಲೆ ತೆರೆಸೋದೇ ಅವರ ಜೀವನದ ಕೆಲಸ ಆಯ್ತು. 1890ರ ಜುಲೈ 20ರಂದು ರಾ.ಹ. ದೇಶಪಾಂಡೆ ಮತ್ತು ಗೆಳೆಯರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ್ರು. ಹೆಸರು ನೋಡ್ರಿ. ಸಾಹಿತ್ಯ ಸಂಘ ಅಲ್ಲ, ವಿದ್ಯಾವರ್ಧಕ ಸಂಘ. ಕನ್ನಡದಲ್ಲಿ ಪುಸ್ತಕ ಬರೆಸಿ, ಅಚ್ಚು ಹಾಕಿಸಿ, ವಿದ್ಯೆ ಬೆಳೆಸೋದು ಅವರ ಗುರಿ.

1918ರಲ್ಲಿ ಒಂದೇ ವರ್ಷ ಎರಡು ಕಡೆ ಎರಡು ಪ್ರಯೋಗ ನಡೆದವು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಭೌತವಿಜ್ಞಾನದ ಮೇಷ್ಟ್ರು ಬೆಳ್ಳಾವೆ ವೆಂಕಟನಾರಣಪ್ಪ, ತಮ್ಮ ಸಹೋದ್ಯೋಗಿ ನಂಗಪುರಂ ವೆಂಕಟೇಶ ಅಯ್ಯಂಗಾರ್ ಜೊತೆ ಸೇರಿ 'ವಿಜ್ಞಾನ' ಅನ್ನೋ ಮಾಸಪತ್ರಿಕೆ ತಂದ್ರು. ಕನ್ನಡದ ಮೊದಲ ವಿಜ್ಞಾನ ಪತ್ರಿಕೆ ಅದು. ಎರಡೇ ವರ್ಷ ನಡೀತು. ಅದೇ 1918ರಲ್ಲಿ ಹೈದರಾಬಾದ್ ನಿಜಾಮರು ಉಸ್ಮಾನಿಯಾ ವಿಶ್ವವಿದ್ಯಾಲಯ ತೆರೆದ್ರು. ಅಲ್ಲಿ ಬೋಧನೆಯ ಭಾಷೆ ಉರ್ದು. ವಿಜ್ಞಾನ, ಮೆಡಿಸಿನ್, ಎಂಜಿನಿಯರಿಂಗ್ ಎಲ್ಲಾ ಉರ್ದುವಿನಲ್ಲೇ. ವಿಶ್ವವಿದ್ಯಾಲಯ ಶುರುವಾಗೋ ಮೊದಲೇ, 1917ರಲ್ಲಿ, ಅವರು ಒಂದು ಅನುವಾದ ಕಚೇರಿ ತೆರೆದಿದ್ದರು. ಪುಸ್ತಕ ಮೊದಲು, ಕ್ಲಾಸ್ ಆಮೇಲೆ.

ಆ ಸಂಸ್ಥಾನದಲ್ಲಿದ್ದ ಬೀದರ್, ಕಲಬುರಗಿ, ರಾಯಚೂರಿನ ಕನ್ನಡ ಮಕ್ಕಳಿಗೆ ಉರ್ದು ಕೂಡ ಮನೆಮಾತಲ್ಲ, ಆ ಕಷ್ಟ ಬೇರೆ. ಆದರೆ ಭಾರತದ ಭಾಷೆಯೊಂದರಲ್ಲಿ ಡಾಕ್ಟರ್, ಎಂಜಿನಿಯರ್ ತಯಾರು ಮಾಡಬಹುದಾ ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಮಾಡಬಹುದು, ಆದರೆ ಅದಕ್ಕೆ ರಾಜ್ಯ ದುಡ್ಡು ಹಾಕಬೇಕು. ಬೆಂಗಳೂರಿನಲ್ಲಿ ಇಬ್ಬರು ಮೇಷ್ಟ್ರು ಸೇರಿ ಮಾಡಿದ್ದು ಎರಡು ವರ್ಷಕ್ಕೆ ನಿಂತಿತು. ಹೈದರಾಬಾದಿನಲ್ಲಿ ಸರ್ಕಾರ ಮಾಡಿದ್ದು ಮೂರು ದಶಕ ನಡೀತು.

ಕನ್ನಡದ ಕತೆ ಆಮೇಲೂ ಹೀಗೇ. ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲಪ್ರಪಂಚ' ಬರೆದ್ರು, ಮುಂದೆ ನಾಲ್ಕು ಸಂಪುಟದ 'ವಿಜ್ಞಾನ ಪ್ರಪಂಚ' ಬರೆದ್ರು. ಒಬ್ಬ ಕಾದಂಬರಿಕಾರ ಒಂಟಿಯಾಗಿ ಮಾಡಿದ ಕೆಲಸ ಇದು. ಕುವೆಂಪು ಮೈಸೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1956ರಿಂದ 1960ರವರೆಗೆ, ಕಾಲೇಜಿನ ಪಾಠ ಕನ್ನಡದಲ್ಲಿ ಆಗಲಿ ಅಂತ ಪಟ್ಟು ಹಿಡಿದ್ರು. 1964-66ರ ಕೊಠಾರಿ ಆಯೋಗ, ಹತ್ತು ವರ್ಷದೊಳಗೆ ವಿಶ್ವವಿದ್ಯಾಲಯದ ಪಾಠ ಪ್ರಾದೇಶಿಕ ಭಾಷೆಗೆ ಬರಬೇಕು ಅಂತ ಹೇಳಿತು. ಪುಸ್ತಕ ಬರೆಸೋಕೆ ಅಂತ ಕೇಂದ್ರ ಸರ್ಕಾರ ರಾಜ್ಯಗಳಿಗೆ ದುಡ್ಡನ್ನೂ ಕೊಟ್ಟಿತು. ಪುಸ್ತಕ ಬಂದವು. ಕಾಲೇಜಿನ ಸೈನ್ಸ್ ಕ್ಲಾಸ್ ಮಾತ್ರ ಇಂಗ್ಲಿಷ್‌ನಲ್ಲೇ ನಡೀತು, ಪುಸ್ತಕ ಗೋದಾಮಿನಲ್ಲಿ ಕೂತವು. ಹೈಸ್ಕೂಲಿನ ತನಕ ಕನ್ನಡ ಏರಿತು, ಅಲ್ಲೇ ನಿಂತಿತು.

ಯಾವ ಪದ ಕಷ್ಟ, ಯಾಕೆ ಕಷ್ಟ

ಈಗ ಸ್ವಲ್ಪ ಪದಗಳ ಒಳಗೆ ಹೋಗೋಣ. ನಾನು ಕಾಮರ್ಸ್ ಓದಿದವನು. ನಮ್ಮ ಲೆಕ್ಕದ ಪದ ನೋಡ್ರಿ: ಜಮಾ, ಖರ್ಚು, ಖಾತೆ, ಕೀರ್ದಿ, ಖತಾವಣಿ. ಇವನ್ನ ಯಾವ ಕಮಿಟಿಯೂ ಕೂತು ಮಾಡಿಲ್ಲ. ಹುಬ್ಬಳ್ಳಿ, ಬ್ಯಾಡಗಿ ಪೇಟೆಯ ಅಡತಿ ಅಂಗಡಿಯ ದಿನಬಳಕೆಯಿಂದ ಬಂದವು. ಪಾರ್ಸಿ, ಮರಾಠಿ ಮೂಲದ ಪದ ಆದ್ರೂ ಪುಸ್ತಕಕ್ಕೆ ಬರೋ ಮೊದಲೇ ಬಾಯಲ್ಲಿ ಇದ್ದವು. ವಿಜ್ಞಾನದ ಪದಗಳದು ಉಲ್ಟಾ. ದ್ಯುತಿಸಂಶ್ಲೇಷಣೆ, ವೇಗೋತ್ಕರ್ಷ, ಪ್ರತ್ಯಾಮ್ಲ. ಮೊದಲು ಪುಸ್ತಕಕ್ಕೆ ಬಂದವು, ಬಾಯಿಗೆ ಇನ್ನೂ ಬಂದಿಲ್ಲ. ಹಾಗಾಗಿ "ಕನ್ನಡ ಪದವೂ ಕಷ್ಟಾನೇ ಅಲ್ವಾ" ಅಂತ ಕೇಳೋರ ಮಾತಿನಲ್ಲಿ ನಿಜ ಇದೆ.

ಆದರೆ ಇಲ್ಲೊಂದು ವಿಷಯ ಇದೆ. 'ಆಕ್ಸಿಜನ್' ಪದ ತಗೊಳ್ರಿ. ಫ್ರಾನ್ಸಿನ ಲವಾಜಿಯೆ 18ನೇ ಶತಮಾನದಲ್ಲಿ ಗ್ರೀಕ್ ಬೇರಿನಿಂದ ಮಾಡಿದ ಹೆಸರು, ಅರ್ಥ 'ಆಮ್ಲ ಹುಟ್ಟಿಸುವುದು'. ಎಲ್ಲ ಆಮ್ಲದಲ್ಲೂ ಆಕ್ಸಿಜನ್ ಇರುತ್ತೆ ಅಂತ ಅವರು ನಂಬಿದ್ರು. ಕನ್ನಡದ 'ಆಮ್ಲಜನಕ' ಅದರ ನೇರ ಅನುವಾದ. 1810ರ ಹೊತ್ತಿಗೆ ಹಂಫ್ರಿ ಡೇವಿ ಆ ನಂಬಿಕೆ ತಪ್ಪು ಅಂತ ತೋರಿಸಿದ್ರು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ. ಈಗ ಯೋಚನೆ ಮಾಡ್ರಿ. ಇಂಗ್ಲಿಷ್ ಓದುವ ಮಗುವಿಗೆ 'ಆಕ್ಸಿಜನ್' ಒಂದು ಸದ್ದು ಅಷ್ಟೇ. ಕನ್ನಡ ಓದುವ ಮಗು ಕೈ ಎತ್ತಿ ಕೇಳಬಹುದು: "ಸರ್, ಆಮ್ಲಜನಕ ಅಂತೀರಿ, ಎಚ್‌ಸಿಎಲ್ ಒಳಗ ಅದು ಇಲ್ಲಲ್ರೀ?" ಈ ಒಂದು ಪ್ರಶ್ನೆಯಲ್ಲಿ ರಸಾಯನಶಾಸ್ತ್ರದ ಇತಿಹಾಸವೇ ಇದೆ. ಅರ್ಥ ಗೊತ್ತಾಗುವ ಪದ ಪ್ರಶ್ನೆ ಹುಟ್ಟಿಸುತ್ತೆ.

ಇನ್ನು ಇಂಗ್ಲಿಷ್ ಕಡೆಯ ತೊಂದರೆ ನಾವು ಅಂದುಕೊಂಡ ಜಾಗದಲ್ಲಿ ಇಲ್ಲ. ಫೋಟೋಸಿಂಥೆಸಿಸ್, ಎಲೆಕ್ಟ್ರೋಮ್ಯಾಗ್ನೆಟಿಸಂ ಅಂಥ ದೊಡ್ಡ ಪದಗಳನ್ನ ಮಕ್ಕಳು ಹೇಗೋ ಬಾಯಿಪಾಠ ಮಾಡ್ತಾರೆ. ಕಾಲು ಜಾರೋದು ಸಣ್ಣ ಪದಗಳಲ್ಲಿ. 'ನಾರ್ಮಲ್' ಅಂದ್ರೆ ನಮಗೆ ಗೊತ್ತಿರೋದು ಬಿಪಿ ನಾರ್ಮಲ್, ಹೆರಿಗೆ ನಾರ್ಮಲ್. ಫಿಸಿಕ್ಸ್‌ನಲ್ಲಿ ನಾರ್ಮಲ್ ಅಂದ್ರೆ ಲಂಬ, ನೆಟ್ಟಗೆ ನಿಂತ ಗೆರೆ. 'ಸೆಲ್' ಅಂದ್ರೆ ಬ್ಯಾಟರಿಯ ಸೆಲ್ಲಾ, ದೇಹದ ಸೆಲ್ಲಾ? ಕನ್ನಡದಲ್ಲಿ ಒಂದು ವಿದ್ಯುತ್ ಕೋಶ, ಇನ್ನೊಂದು ಜೀವಕೋಶ. 'ವರ್ಕ್' ಅಂದ್ರೆ ಕೆಲಸ. ತಲೆ ಮೇಲೆ ಕೊಡ ಹೊತ್ತು ನಲ್ಲಿ ಮುಂದೆ ಅರ್ಧ ತಾಸು ಸುಮ್ಮನೆ ನಿಂತವಳು ಆ ಕೊಡದ ಮೇಲೆ ಮಾಡಿದ 'ವರ್ಕ್' ಸೊನ್ನೆ ಅನ್ನುತ್ತೆ ಫಿಸಿಕ್ಸ್. ಜೊತೆಗೆ ಪರೀಕ್ಷೆಯ ಕ್ರಿಯಾಪದಗಳು: ಡಿರೈವ್, ಡಿಡ್ಯೂಸ್, ಡಿಸ್ಟಿಂಗ್ವಿಷ್. ಉತ್ತರ ಗೊತ್ತಿರುತ್ತೆ, ಏನು ಮಾಡು ಅಂತಿದ್ದಾರೆ ಅನ್ನೋದು ಗೊತ್ತಾಗೋದಿಲ್ಲ.

ಇದು ನಮ್ಮ ಹಳ್ಳಿ ಮಕ್ಕಳ ಸಮಸ್ಯೆ ಮಾತ್ರ ಅಂದುಕೊಳ್ಳಬ್ಯಾಡ್ರಿ. 1980ರ ದಶಕದಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಅಲೆಕ್ಸ್ ಜಾನ್‌ಸ್ಟೋನ್ ಮತ್ತು ಕ್ಯಾಸೆಲ್ಸ್ ಬ್ರಿಟನ್ನಿನ ಶಾಲಾ ಮಕ್ಕಳ ಮೇಲೆ ಇದನ್ನೇ ಅಧ್ಯಯನ ಮಾಡಿದ್ರು. ಇಂಗ್ಲಿಷೇ ಮನೆಮಾತಾದ ಮಕ್ಕಳು ಕೂಡ ವಿಜ್ಞಾನದ ಪಾಠದಲ್ಲಿ ಬರೋ ಸಾಮಾನ್ಯ ಪದಗಳಲ್ಲಿ ಎಡವುತ್ತಿದ್ದರು. 'ವೊಲಟೈಲ್' ಅಂದ್ರೆ ಬೇಗ ಆವಿಯಾಗುವುದು ಅಂತ ಅರ್ಥ, ಮಕ್ಕಳು ಅಪಾಯಕಾರಿ ಅಂತಲೋ ಸಿಡಿಯುವುದು ಅಂತಲೋ ತಿಳೀತಿದ್ರು. ಗ್ಲಾಸ್ಗೋದ ಮಗುವಿಗೆ ಹೀಗಾದ್ರೆ ತಡಸದ ಮಗುವಿಗೆ ಹೇಗಾಗಬೇಡ?

ನಮ್ಮ ನೆಲದ ಎರಡು ಉದಾಹರಣೆ ಕೊಡ್ತೀನಿ. ಹಳೇ ಹಿರೇಕೆರೂರು ತಾಲೂಕಿನ ಮದಗ-ಮಾಸೂರು ಕೆರೆ ಇದೆ. ಕೆರೆ ಇರೋ ಊರಿನ ಮಕ್ಕಳಿಗೆ ತೂಬು, ಕೋಡಿ, ಏರಿ ಗೊತ್ತು. ಕೆರೆ ತುಂಬಿದಾಗ ತೂಬಿನ ನೀರು ಚಿಮ್ಮಿ ಬರುತ್ತೆ, ನೀರು ಇಳಿದಾಗ ಸೊರಗುತ್ತೆ. ಏರಿಯ ಬುಡ ಅಗಲ, ತಲೆ ಕಿರಿದು, ಯಾಕಂದ್ರೆ ಆಳದಲ್ಲಿ ನೀರಿನ ಒತ್ತಡ ಜಾಸ್ತಿ. ಇದು ಕಣ್ಣಿಗೆ ಕಂಡ ಫಿಸಿಕ್ಸ್. ಇದೇ ಮಾತು ಪುಸ್ತಕದಲ್ಲಿ ಹೀಗೆ ಬರುತ್ತೆ: 'ದಿ ಪ್ರೆಶರ್ ಇನ್ ಎ ಲಿಕ್ವಿಡ್ ಅಟ್ ರೆಸ್ಟ್ ಇನ್‌ಕ್ರೀಸಸ್ ವಿತ್ ಡೆಪ್ತ್'. 'ರೆಸ್ಟ್' ಅಂದ್ರೆ ವಿಶ್ರಾಂತಿ ಅಂತ ಕಲಿತ ಹುಡುಗ, ನೀರು ಯಾಕೆ ರೆಸ್ಟ್ ತಗೋತಿದೆ ಅಂತ ಅಲ್ಲೇ ನಿಂತುಬಿಡ್ತಾನೆ. ತೂಬು ನೋಡಿದ ಹುಡುಗನಿಗೇ ಪಾಠ ಅರ್ಥ ಆಗಲಿಲ್ಲ ಅಂದ್ರೆ ತಪ್ಪು ಎಲ್ಲಿದೆ?

ಇನ್ನೊಂದು ಉದಾಹರಣೆ ಕನ್ನಡದ ಕಡೆಗೂ ಒಂದು ಪೆಟ್ಟು ಕೊಡುತ್ತೆ. ಸವಣೂರಿನ ದೊಡ್ಡಹುಣಸೆ ಮರ ನೋಡಿದೀರಲ್ಲ? ಆನೆ ಕಾಲಿನಂಥ ಬೊಡ್ಡೆ. ಇಂಗ್ಲಿಷ್‌ನಲ್ಲಿ ಬಾವೊಬಾಬ್, ಆಫ್ರಿಕಾ ಮೂಲದ್ದು, ಶಾಸ್ತ್ರೀಯ ಹೆಸರು ಅಡನ್ಸೋನಿಯಾ ಡಿಜಿಟೇಟಾ. ಕಾಯಿಯ ತಿರುಳು ಹುಳಿ, ಅದಕ್ಕೇ ನಮ್ಮವರು ಹುಣಸೆ ಅಂದ್ರು. ನಾಲಿಗೆಯ ಮಟ್ಟಿಗೆ ಸರಿ. ಆದರೆ ಸಸ್ಯಶಾಸ್ತ್ರದಲ್ಲಿ ಹುಣಸೆ, ಅವರೆ ತೊಗರಿಯ ಬಳಗ. ಬಾವೊಬಾಬ್, ಹತ್ತಿ, ಬೆಂಡೆ, ದಾಸವಾಳದ ಬಳಗ. ಅಂದ್ರೆ ಸವಣೂರಿನ ಆ ಮಹಾವೃಕ್ಷ ಸುತ್ತಲಿನ ಹತ್ತಿ ಹೊಲಕ್ಕೆ ನೆಂಟ, ರಸ್ತೆ ಬದಿಯ ಹುಣಸೆಗಲ್ಲ. ಇದನ್ನ ತಿಳಿಯೋಕೆ ನಮ್ಮ ಊರ ಹೆಸರೊಂದೇ ಸಾಲದು. ಬಾವೊಬಾಬ್ ಅನ್ನೋ ಹೆಸರೊಂದೇ ಗೊತ್ತಿದ್ರೆ, ಅದು ನಮ್ಮೂರಲ್ಲೇ ಇದೆ ಅಂತಲೂ ಗೊತ್ತಾಗೋದಿಲ್ಲ. ಎರಡೂ ಬೇಕು.

ಸವಣೂರಿನ ಇಬ್ಬರು ಇಂಗ್ಲಿಷ್ ಮೇಷ್ಟ್ರು

ಸವಣೂರು ಅಂದ ಮೇಲೆ ಒಂದು ಸೋಜಿಗ ಹೇಳಲೇಬೇಕು. ಕನ್ನಡದ ಅತಿದೊಡ್ಡ ಭಾಷಾ ಚಳವಳಿಗೆ ಯಾರ ಹೆಸರಿದೆ? ಗೋಕಾಕ. ಜನ ಅದನ್ನ ಬೆಳಗಾವಿ ಜಿಲ್ಲೆಯ ಊರು ಅಂದುಕೊಳ್ತಾರೆ. ಅದು ವಿನಾಯಕ ಕೃಷ್ಣ ಗೋಕಾಕ. ಹುಟ್ಟಿದ್ದು ಸವಣೂರಿನಲ್ಲಿ, 1909ರಲ್ಲಿ, ನವಾಬರ ಕಾಲದಲ್ಲಿ. ಧಾರವಾಡದಲ್ಲಿ ಓದಿ, ಆಕ್ಸ್‌ಫರ್ಡ್‌ಗೆ ಹೋಗಿ, ಇಂಗ್ಲಿಷ್ ಪ್ರಾಧ್ಯಾಪಕರಾದ್ರು. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ರು. ಕನ್ನಡ ಕವಿಯಾಗಿ ಜ್ಞಾನಪೀಠ ಪಡೆದ್ರು. ಇಂಗ್ಲಿಷ್ ಕಲಿಸೋದರಲ್ಲಿ ಬದುಕು ಕಳೆದ ಇವರ ಅಧ್ಯಕ್ಷತೆಯಲ್ಲಿ 1980ರಲ್ಲಿ ಸರ್ಕಾರ ಸಮಿತಿ ಮಾಡಿತು. 1981ರಲ್ಲಿ ವರದಿ ಬಂತು. ಹೈಸ್ಕೂಲಿನಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆ ಆಗಬೇಕು, 150 ಅಂಕ ಇರಬೇಕು ಅಂತ. ಸರ್ಕಾರ ಹಿಂದೆ ಮುಂದೆ ನೋಡಿತು. 1982ರಲ್ಲಿ ರಾಜಕುಮಾರ್ ಬೀದಿಗಿಳಿದ್ರು, ರಾಜ್ಯವೇ ಎದ್ದು ನಿಂತಿತು.

ಆ ಚಳವಳಿಯ ಮುಂದಾಳುಗಳಲ್ಲಿ ಇನ್ನೊಬ್ಬರು ಚಂದ್ರಶೇಖರ ಪಾಟೀಲ, ನಮ್ಮ ಚಂಪಾ. ಸವಣೂರು ತಾಲೂಕಿನ ಹತ್ತಿಮತ್ತೂರಿನವರು, 1939ರಲ್ಲಿ ಹುಟ್ಟಿದವರು. ಅವರೂ ಇಂಗ್ಲಿಷ್ ಪ್ರಾಧ್ಯಾಪಕರೇ. ಒಂದೇ ತಾಲೂಕಿನ ಇಬ್ಬರು ಇಂಗ್ಲಿಷ್ ಮೇಷ್ಟ್ರು ಕನ್ನಡಕ್ಕಾಗಿ ನಿಂತ್ರು. ಇಂಗ್ಲಿಷ್ ಚೆನ್ನಾಗಿ ಬಂದವರಿಗೇ ಕನ್ನಡ ಯಾಕೆ ಬೇಕು ಅಂತ ಚೆನ್ನಾಗಿ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತೆ.

ಆದರೆ ಇತಿಹಾಸ ಹೇಳುವಾಗ ಪೂರ್ತಿ ಹೇಳಬೇಕು. ಗೋಕಾಕ್ ವರದಿಯ ಪ್ರಶ್ನೆ, ಹೈಸ್ಕೂಲಿನಲ್ಲಿ ಪ್ರಥಮ ಭಾಷೆಯಾಗಿ ಯಾವ ಭಾಷೆ ಕಲೀಬೇಕು ಅನ್ನೋದು. ಪಿಯುಸಿಯಲ್ಲಿ ಫಿಸಿಕ್ಸ್ ಯಾವ ಭಾಷೆಯಲ್ಲಿ ಕಲೀಬೇಕು ಅನ್ನೋದು ಆ ಸಮಿತಿಯ ಮುಂದಿದ್ದ ಪ್ರಶ್ನೆಯೇ ಅಲ್ಲ. ನಾವು ಕನ್ನಡವನ್ನ ಒಂದು ಸಬ್ಜೆಕ್ಟ್ ಆಗಿ ಗೆದ್ದೆವು. ಸಬ್ಜೆಕ್ಟ್ ಕಲಿಸೋ ಭಾಷೆಯಾಗಿ ಅದು ಹತ್ತನೇ ಕ್ಲಾಸಿನ ಬಾಗಿಲಲ್ಲೇ ಉಳೀತು. ಬೀದಿಗಿಳಿದ ಲಕ್ಷಾಂತರ ಜನರಲ್ಲಿ 'ಕನ್ನಡದಲ್ಲಿ ಕೆಮಿಸ್ಟ್ರಿ ಲ್ಯಾಬ್' ಅನ್ನೋ ಘೋಷಣೆ ಯಾರದೂ ಆಗಿರಲಿಲ್ಲ.

ಜಿಗಿಯೋ ಜಾಗ ಬದಲಾಯ್ತು, ಏಣಿ ಬರಲಿಲ್ಲ

1994ರ ಏಪ್ರಿಲ್ 29ರ ಸರ್ಕಾರಿ ಆದೇಶ, ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಕಡ್ಡಾಯ ಅಂತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. 2008ರಲ್ಲಿ ಹೈಕೋರ್ಟು ಅವರ ಪರ ತೀರ್ಪು ಕೊಟ್ಟಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಮಾಧ್ಯಮದ ಆಯ್ಕೆ ತಂದೆತಾಯಿಗೆ ಬಿಟ್ಟದ್ದು ಅಂತ ಹೇಳಿತು. 2019ರಲ್ಲಿ ರಾಜ್ಯ ಸರ್ಕಾರವೇ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿತು.

ಇಂಗ್ಲಿಷ್ ಶಾಲೆಗೆ ಮಕ್ಕಳನ್ನ ಹಾಕೋ ಅಪ್ಪ ಅಮ್ಮನನ್ನ ನಾನು ಬೈಯೋದಿಲ್ಲ. "ನಾವು ಒದ್ದಾಡಿದ್ವಿ, ನಮ್ಮ ಹುಡುಗಿ ಒದ್ದಾಡಬಾರದು" ಅನ್ನೋ ಮಾತಿನಲ್ಲಿ ಅನುಭವ ಇದೆ. ಅಟ್ಟಕ್ಕೆ ಏಣಿ ಇಲ್ಲ ಅಂತ ಗೊತ್ತಿರೋರು, ಮಗುವನ್ನ ಹುಟ್ಟುತ್ತಲೇ ಅಟ್ಟದ ಮೇಲೆ ಕೂರಿಸೋಕೆ ನೋಡ್ತಾರೆ. ಆದರೆ ಮನೆಯಲ್ಲಿ ಇಂಗ್ಲಿಷ್ ಇಲ್ಲ, ಓಣಿಯಲ್ಲಿ ಇಂಗ್ಲಿಷ್ ಇಲ್ಲ, ಕಲಿಸೋ ಮೇಡಂಗೂ ಇಂಗ್ಲಿಷ್ ಸಲೀಸಿಲ್ಲ ಅಂದ್ರೆ? ಮೊದಲು 16ನೇ ವಯಸ್ಸಿನಲ್ಲಿ ಆಗ್ತಿದ್ದ ಕಷ್ಟ ಈಗ 6ನೇ ವಯಸ್ಸಿಗೆ ಬಂತು. ಹತ್ತನೇ ಕ್ಲಾಸಿನ ಹುಡುಗಿಗೆ 'ವಕ್ರೀಭವನ'ವಾದ್ರೂ ಗೊತ್ತಿತ್ತು. ಈ ಮಗುವಿಗೆ ಎರಡೂ ಹೆಸರು ಬರೀ ಸದ್ದಾಗಿ ಉಳಿಯೋ ಅಪಾಯ ಇದೆ.

ಇನ್ನೊಂದು ಕಡೆ ಸಿಇಟಿಯಲ್ಲಿ ಒಂದರಿಂದ ಹತ್ತರವರೆಗೆ ಕನ್ನಡದಲ್ಲಿ ಓದಿದವರಿಗೆ ಶೇ. 5, ಗ್ರಾಮೀಣದವರಿಗೆ ಶೇ. 15 ಮೀಸಲಾತಿ ಇದೆ. ಒಳ್ಳೇದೇ. ಆದರೆ ಅದು ಬಾಗಿಲಿನವರೆಗೆ ಕರೆದೊಯ್ಯುತ್ತೆ. ಒಳಗೆ ಹೋದ ಮೇಲೆ ಕ್ಲಾಸಿನಲ್ಲಿ ಕೂತು ಏನು ಹೇಳ್ತಿದ್ದಾರೆ ಅಂತ ತಿಳಿಯೋದಕ್ಕೆ ಅದರಿಂದ ಸಹಾಯ ಇಲ್ಲ. ಸೀಟು ಕೊಟ್ಟೆವು, ಮಾತು ಕೊಡಲಿಲ್ಲ.

ಏಣಿ ಅಂದ್ರೆ ಏನು?

ಕನ್ನಡವೋ ಇಂಗ್ಲಿಷೋ ಅಂತ 170 ವರ್ಷ ಜಗಳ ಮಾಡಿದೀವಿ. ನನ್ನ ಪ್ರಶ್ನೆ ಬೇರೆ. ಎರಡರ ನಡುವೆ ಓಡಾಡೋದನ್ನ ಯಾರು ಕಲಿಸ್ತಾರೆ? ಅದು ಅಷ್ಟೇನೂ ದುಬಾರಿ ಕೆಲಸ ಅಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕ ಕನ್ನಡದಲ್ಲೂ ಇದೆ, ಇಂಗ್ಲಿಷ್‌ನಲ್ಲೂ ಇದೆ. ಅದೇ ಪಾಠ, ಅದೇ ಚಿತ್ರ, ದುಡ್ಡಿಲ್ಲ. ಫೋನಿನಲ್ಲಿ ಎರಡನ್ನೂ ಇಳಿಸಿಕೊಂಡು, ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆ ರಜೆಯಲ್ಲಿ ಅಕ್ಕಪಕ್ಕ ಇಟ್ಟು ಓದಿದ್ರೆ, 'ನಾರ್ಮಲ್' ಮುಂದೆ 'ಲಂಬ' ತಾನೇ ಬಂದು ಕೂರುತ್ತೆ. ಒಬ್ಬ ಹುಡುಗ ಒಬ್ಬನೇ ಮಾಡಬಹುದಾದ ಕೆಲಸ ಇದು. ಆದರೆ ಒಬ್ಬನ ಮೇಲೆ ಹೊರಿಸಬಾರದ ಕೆಲಸವೂ ಹೌದು. ಪಿಯು ಕಾಲೇಜು ಮೊದಲ ತಿಂಗಳು ಇದನ್ನೇ ಪಾಠ ಮಾಡಬಹುದು. ಹೊಸ ಪಾಠ ಬ್ಯಾಡ, ಹಳೇ ಪಾಠದ ಹೊಸ ಹೆಸರು ಕಲಿಸಿದರೆ ಸಾಕು. ಇಲ್ಲದಿದ್ರೆ ಬೆಳ್ಳಾವೆ ಅವರ ಪತ್ರಿಕೆಯ ಕತೆಯೇ ಮತ್ತೆ ಆಗುತ್ತೆ. ಶ್ರದ್ಧೆ ಇದ್ದಷ್ಟು ದಿನ ನಡೆದು ನಿಲ್ಲುತ್ತೆ.

ಕೊನೆಯದಾಗಿ ಒಂದು ಮಾತು. ಏಣಿ ಬೇಕಿರೋದು ಹತ್ತೋಕೆ ಮಾತ್ರ ಅಲ್ಲ, ಇಳಿಯೋಕೂ ಬೇಕು. ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸ್, ಐನ್‌ಸ್ಟೈನ್ ಜೊತೆ ಹೆಸರು ಹಂಚಿಕೊಂಡವರು, 1948ರಲ್ಲಿ ಕಲ್ಕತ್ತಾದಲ್ಲಿ ವಂಗೀಯ ವಿಜ್ಞಾನ ಪರಿಷತ್ತು ಕಟ್ಟಿದ್ರು. ಬಂಗಾಳಿಯಲ್ಲಿ ವಿಜ್ಞಾನ ಪತ್ರಿಕೆ ತಂದ್ರು. ಅಟ್ಟದ ತುದಿಗೆ ಹೋದವರೂ ಇಳಿದು ಬಂದು ಹೇಳಬೇಕು ಅಂತ ಅವರಿಗೆ ಅನ್ನಿಸಿತ್ತು.

ನಮ್ಮ ಕಡೆ ಹತ್ತಿಗೆ, ಗೋವಿನಜೋಳಕ್ಕೆ ಹೊಡೆಯೋ ಕೀಟನಾಶಕಕ್ಕೆ ಏನಂತೀವಿ? 'ಎಣ್ಣಿ'. ಎಣ್ಣಿ ಹೊಡ್ಯಾಕ ಹೋಗ್ಯಾನ ಅಂತೀವಿ. ಅಡುಗೆಮನೆಯ ಪದವನ್ನೇ ವಿಷಕ್ಕೆ ಇಟ್ಟಿದೀವಿ. ಆ ಬಾಟಲಿ ಮೇಲೆ ಬಣ್ಣದ ತ್ರಿಕೋನ ಇರುತ್ತೆ. ಕೆಂಪು ಅಂದ್ರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಒಂದು ಲೀಟರ್ ನೀರಿಗೆ ಎಷ್ಟು ಎಂಎಲ್, ಹೊಡೆದ ಮೇಲೆ ಎಷ್ಟು ದಿನ ಕಾಯಬೇಕು, ಕಣ್ಣಿಗೆ ಬಿದ್ರೆ ಏನು ಮಾಡಬೇಕು, ಇದೆಲ್ಲಾ ಕೆಮಿಸ್ಟ್ರಿ. ಪಿಯುಸಿಯಲ್ಲಿ ಕೆಮಿಸ್ಟ್ರಿ ಓದೋ ಮಗಳು ಮನೆಯಲ್ಲಿದ್ದಾಳೆ. ಪಂಪು ಬೆನ್ನಿಗೆ ಕಟ್ಟಿಕೊಂಡು ಹೊರಟ ಅಪ್ಪನಿಗೆ ಆ ತ್ರಿಕೋನ ಏನು ಹೇಳುತ್ತೆ ಅಂತ ಅವಳು ಕನ್ನಡದಲ್ಲಿ ಹೇಳಬಲ್ಲಳಾ? ಹೇಳಬಲ್ಲಳು ಅಂದ್ರೆ ಅವಳು ಕೆಮಿಸ್ಟ್ರಿ ಕಲಿತಿದ್ದಾಳೆ ಅಂತ ಅರ್ಥ. ಹೇಳೋಕೆ ಬರಲಿಲ್ಲ ಅಂದ್ರೆ ಅವಳ ಅಂಕಪಟ್ಟಿಯಲ್ಲಿ ಎಷ್ಟೇ ಇರಲಿ, ಆ ವಿದ್ಯೆ ಅಟ್ಟದ ಮೇಲೇ ಉಳೀತು.

ನಿಮಗೊಂದು ಕೆಲಸ. ನಿಮ್ಮ ಊರಲ್ಲಿ ಬಳಸೋ, ಆದರೆ ಯಾವ ವಿಜ್ಞಾನ ಪುಸ್ತಕದಲ್ಲೂ ಕಾಣದ ಒಂದು ಪದ ಕಳಿಸ್ರಿ. ಗಿಡದ್ದೋ, ಹುಳದ್ದೋ, ಮಣ್ಣಿಂದೋ, ಮಳೆದೋ. ಅದಕ್ಕೆ ಇಂಗ್ಲಿಷ್‌ನಲ್ಲಿ, ಪಠ್ಯಪುಸ್ತಕದ ಕನ್ನಡದಲ್ಲಿ ಏನಂತಾರೆ ಅಂತ ಹುಡುಕಿ ಮೂರನ್ನೂ ಸೇರಿಸಿ ಒಂದು ಪಟ್ಟಿ ಮಾಡೋಣ. ಮುಂದಿನ ಎಪಿಸೋಡಿನಲ್ಲಿ ಸಿಗೋಣ. ಬರ್ತೀನ್ರೀ.